ಸೇತುವೆಯ ಬುಡದ ಲೆಕ್ಕ
ಕುರ್ಡಿ ಗ್ರಾಮವಿರುವ ಮಾನ್ವಿ ಸೀಮೆ ಕೃಷ್ಣಾ-ತುಂಗಭದ್ರೆಯರ ನಡುವಿನ ದೋಆಬ್, ಎಂದರೆ ಎರಡು ನದಿಗಳ ನಡುವಣ ನೆಲವಾದುದರಿಂದ, ಇಲ್ಲಿಂದ ರಾಯಚೂರಿನ ಮೂಲಕ ಹೈದರಾಬಾದಿಗೆ ಸಾಗುವ ದಾರಿ ಕೃಷ್ಣೆಯನ್ನು ದಾಟಲೇಬೇಕು. ದೇವಸೂಗೂರಿನ ಬಳಿ 1943ರಲ್ಲಿ, ನಿಜಾಮರ ಆಳ್ವಿಕೆಯಲ್ಲಿ ಪೂರ್ಣಗೊಂಡ ಸೇತುವೆ ಆ ಕಾಲ ಊಹಿಸಿರದ ಭಾರದ ಲಾರಿಗಳನ್ನು ದಶಕಗಳ ಕಾಲ ಹೊತ್ತಿದೆ. ಆದರೂ ಸೇತುವೆ ಸಂಶೋಧನೆಯಲ್ಲಿ ಮೊದಲ ಪಾಲು ಸಲ್ಲಬೇಕಾದುದು ಬುಡದ ಕೊರೆತಕ್ಕೆ: ಕಂಬಕ್ಕೆ ಬಡಿದು ಸುಳಿಯಾಗುವ ನೆರೆನೀರು ಅಡಿಪಾಯದ ಸುತ್ತಲಿನ ಮರಳನ್ನು ಸೆಳೆದೊಯ್ಯುತ್ತದೆ, ನೆರೆ ಇಳಿಯುವಾಗ ಹೂಳು ಅದೇ ಗುಂಡಿಯನ್ನು ಮುಚ್ಚುತ್ತದೆ, ಹೀಗಾಗಿ ಬೇಸಿಗೆಯ ತಪಾಸಣೆಗೆ (ನಮ್ಮಲ್ಲಿ ಅನುಕೂಲದ ಕಾಲ ಅದೇ ತಾನೇ) ಹಾನಿ ಕಾಣದೆಯೇ ಉಳಿಯಬಹುದು. 2009ರ ಅಕ್ಟೋಬರಿನಲ್ಲಿ ಕೃಷ್ಣೆಗೆ ಬಂದಂತಹ ಪ್ರವಾಹದ ನಡುವೆಯೇ ಶಬ್ದತರಂಗದಿಂದ ನದೀತಳದ ಆಳ ಅಳೆಯುವ ಉಪಕರಣಗಳು ಈ ಕಾರಣಕ್ಕೇ ಮುಖ್ಯ. 2024ರ ಆಗಸ್ಟ್ 7ರಂದು ಕುಸಿದ ಕಾರವಾರದ ಕಾಳಿ ಸೇತುವೆಗೆ ಸುಮಾರು ನಲವತ್ತೇ ವರ್ಷವಾಗಿತ್ತೆಂಬುದನ್ನು ನೋಡಿದರೆ, ವಯಸ್ಸನ್ನೊಂದೇ ಹಿಡಿದು ದುರಸ್ತಿಯ ಸರದಿ ನಿಗದಿಪಡಿಸುವುದು ಸಾಧುವಲ್ಲ.