ತಡ್ಪೆಯ ಕೆಲಸಕ್ಕೆ ಪಿ.ಎಫ್. ಉಂಟು, ಡಾಲರಿನ ಕೆಲಸಕ್ಕೆ ಇಲ್ಲ!

ಬಿ.ಸಿ. ರೋಡಿನಿಂದ ಮಂಗಳೂರಿಗೆ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವ ನಮ್ಮಂಥವರಿಗೆ ಒಬ್ಬ ಹುಡುಗನನ್ನು ಕಂಡರೆ ಹೊಟ್ಟೆಕಿಚ್ಚು. ಅವನು ಬಸ್ಸು ಹತ್ತುವುದಿಲ್ಲ. ಹನ್ನೊಂದು ಗಂಟೆಗೆ ಎದ್ದು ಹೋಟೆಲಿಗೆ ಬಂದು ಬನ್ಸ್ ತಿಂದು ಪುನಃ ಮನೆ ಸೇರುತ್ತಾನೆ. "ಕೆಲಸ ಇಲ್ಲ, ಕಾರ್ಯ ಇಲ್ಲ, ಅಪ್ಪನ ದುಡ್ಡು" ಅಂತ ಮೂಲೆಯ ದಿನಸಿ ಅಂಗಡಿಯವರು ನನ್ನಲ್ಲೇ ಹೇಳಿದ್ದುಂಟು.

ಸಂಗತಿ ಹಾಗಲ್ಲ ಮಾರಾಯ್ರೆ. ನೀವು ಅಂಗಡಿಯ ಲೆಕ್ಕ ನೋಡುವ ಹೊತ್ತಿಗೆ ಅವನ ಕೆಲಸ ಶುರು. ಮಾಲೀಕ ಇರುವುದು ಅಮೆರಿಕದಲ್ಲಿ, ನ್ಯೂಯಾರ್ಕಿನ ಕಡೆ. ಅಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ ಅಂದರೆ ನಮಗೆ ಸಂಜೆ ಆರೂವರೆ. ನವೆಂಬರಿನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಏಳೂವರೆ. ಮಾರ್ಚಿನಲ್ಲಿ ಮತ್ತೆ ಆರೂವರೆ. ಅಲ್ಲಿ ಗಡಿಯಾರ ತಿರುಗಿಸಿದರೆ ಇಲ್ಲಿ ಇವನ ಅಮ್ಮ ಅನ್ನಕ್ಕೆ ಇಡುವ ಹೊತ್ತು ಬದಲಾಗುತ್ತದೆ! ಕೆಲಸ ಮುಗಿಯುವುದು ರಾತ್ರಿ ಎರಡೂವರೆಗೋ ಮೂರೂವರೆಗೋ. ಮಳೆಗಾಲದಲ್ಲಿ ಕರೆಂಟ್ ಹೋದರೆ ದೇವರೇ ಗತಿ.

2020ರ ಕೊರೊನಾ ಕಾಲದಲ್ಲಿ ಬೆಂಗಳೂರು ಬಿಟ್ಟು ಊರಿಗೆ ಬಂದವ. ಆಮೇಲೆ ಈ ಕೆಲಸ ಸಿಕ್ಕಿತು, ಮೂರು ವರ್ಷ ಮಾಡಿದ. ಮೊನ್ನೆ ಒಂದು ಸಂಜೆ ಕಂಪ್ಯೂಟರ್ ಎದುರು ಕೂತರೆ ಪಾಸ್‌ವರ್ಡೇ ಹಿಡಿಯಲಿಲ್ಲ. ಮೊಬೈಲಿಗೆ ನಾಲ್ಕು ಸಾಲಿನ ಇಮೇಲ್ ಬಂದಿತ್ತು: ಇವತ್ತಿಗೆ ನಿಮ್ಮ ಕೆಲಸ ಮುಗಿಯಿತು, ವಂದನೆಗಳು. ಒಂದು ತಿಂಗಳ ದುಡ್ಡು ಬಾಕಿ.

ಪತ್ರಿಕೆಯವರಿಗೆ ಕಾನೂನು ಗೊತ್ತುಂಟು ಅಂತ ಭಾವಿಸಿ ಹುಡುಗ ಕರಾರುಪತ್ರ ಹಿಡಿದುಕೊಂಡು ನನ್ನ ಹತ್ತಿರ ಬಂದ. ನಾನೋ ಪಿಯುಸಿ ಅರ್ಧಕ್ಕೆ ಬಿಟ್ಟವ. ಪರಿಚಯದ ವಕೀಲರೊಬ್ಬರಿಂದ ಓದಿಸಿದೆವು. ಅದರಲ್ಲಿ ಇವನು ನೌಕರನೇ ಅಲ್ಲ, "ಸ್ವತಂತ್ರ ಗುತ್ತಿಗೆದಾರ"! ಕೆಲಸದ ಹೊತ್ತು ಅವರು ಹೇಳಿದ್ದು, ರಜೆ ಅವರನ್ನು ಕೇಳಿ, ಕಂಪ್ಯೂಟರ್ ಅವರದ್ದು. ಆದರೆ ತಿಂಗಳ ಕೊನೆಗೆ ನಿಮ್ಮ ಅಂಗಡಿಗೆ ಸಾಮಾನು ಹಾಕುವ ಏಜೆಂಟನ ಹಾಗೆ ಬಿಲ್ಲು ಮಾಡಿ ಕಳಿಸಬೇಕು. ಪಿ.ಎಫ್. ಇಲ್ಲ, ಗ್ರಾಚ್ಯುಟಿ ಇಲ್ಲ, ನೋಟಿಸು ಇಲ್ಲ. ತಕರಾರು ಇದ್ದರೆ ಅಮೆರಿಕದ ಕೋರ್ಟಿಗೆ ಹೋಗಬೇಕು.

ಅಂಗಡಿಯವರೇ, ನಿಮ್ಮಲ್ಲಿ ಸಾಮಾನು ಕಟ್ಟುವ ಹುಡುಗ ಆರು ತಿಂಗಳು ಸತತ ಕೆಲಸ ಮಾಡಿದ್ದರೆ, ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಅಷ್ಟು ಸಂಬಳ ಕೊಡದೆ ಅವನನ್ನು ತೆಗೆಯುವ ಹಾಗಿಲ್ಲ. ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೆಯಲ್ಲಿ ಹಾಗೆ ಉಂಟು. ಡಾಲರ್ ಎಣಿಸುವ ಹುಡುಗನಿಗೆ ಅಷ್ಟೂ ಸಿಗಲಿಲ್ಲ.

ನನಗೆ ನೆನಪಾದದ್ದು ನಮ್ಮ ದೊಡ್ಡಮ್ಮ. ಅವರೂ ಮನೆಯಲ್ಲೇ ಕೂತು ದೂರದ ಮಾಲೀಕನಿಗೆ ದುಡಿದವರು. ತೊಡೆಯ ಮೇಲೆ ತಡ್ಪೆ ಇಟ್ಟುಕೊಂಡು ರಾತ್ರಿಯವರೆಗೆ ಬೀಡಿ ಕಟ್ಟುತ್ತಿದ್ದರು. ಬ್ರಾಂಚಿಗೆ ಒಯ್ದರೆ ಅಲ್ಲಿ ಸರಿ ಇಲ್ಲ ಅಂತ ಒಂದಷ್ಟು ತೆಗೆದು ಬಿಸಾಡುತ್ತಿದ್ದರು. "ಮನೆಯಲ್ಲಿ ಕೂತು ಕಟ್ಟುವವರು ನಮ್ಮ ನೌಕರರಲ್ಲ" ಅಂತ ಆಗಲೂ ಧಣಿಗಳ ವಾದ ಇತ್ತು. 1966ರಲ್ಲಿ ಬೀಡಿ ಕಾರ್ಮಿಕರ ಕಾಯ್ದೆ ಬಂತು. ನಮ್ಮ ಮಂಗಳೂರಿನ ಬೀಡಿ ಉದ್ಯಮದವರೇ ಸುಪ್ರೀಂ ಕೋರ್ಟಿಗೆ ಹೋದರು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಪಿ.ಎಫ್. ವಿಷಯದಲ್ಲಿ 1985ರಲ್ಲಿ ಇನ್ನೊಂದು ತೀರ್ಪು: ಕಟ್ಟಿದ ಬೀಡಿಯನ್ನು ಬೇಡ ಅನ್ನುವ ಅಧಿಕಾರ ಧಣಿಗೆ ಇದ್ದ ಮೇಲೆ ಹತೋಟಿಯೂ ಅವನದ್ದೇ, ಮನೆಯಲ್ಲಿ ಕಟ್ಟುವವರೂ ನೌಕರರೇ. ದೊಡ್ಡಮ್ಮನ ಪಿ.ಎಫ್. ದುಡ್ಡಿನಲ್ಲಿ ಅಕ್ಕನ ಮದುವೆಗೆ ಬಳೆ ಬಂತು.

ಹುಡುಗನ ಕತೆ ಕೇಳಿ ದೊಡ್ಡಮ್ಮ ಒಂದೇ ಪ್ರಶ್ನೆ ಕೇಳಿದರು: "ಅವನ ಬ್ರಾಂಚ್ ಎಲ್ಲಿ ಮಗಾ? ಹೋಗಿ ಕೇಳುವ."

ಇರುವುದೇ ಅಲ್ಲಿ. ಬ್ರಾಂಚ್ ಇಲ್ಲ! ಇಲ್ಲಿ ನೌಕರನನ್ನು ಇಟ್ಟುಕೊಂಡರೆ ಇಲ್ಲಿಯ ಕಾರ್ಮಿಕ ಕಾನೂನು ಬರುತ್ತದೆ, ಇಲ್ಲೇ ವ್ಯಾಪಾರ ಮಾಡುತ್ತಿದ್ದೀರಿ ಅಂತ ಇನ್‌ಕಮ್ ಟ್ಯಾಕ್ಸಿನವರೂ ಬಂದಾರು ಅಂತ ಹೆದರಿಕೆ. ಅದಕ್ಕೇ ಈ ಗುತ್ತಿಗೆದಾರ ಎಂಬ ಟೊಪ್ಪಿ. ಟ್ಯಾಕ್ಸ್ ಮಾತ್ರ ತಪ್ಪುವುದಿಲ್ಲ. ಧಣಿ ಎಲ್ಲೇ ಇರಲಿ, ಇಲ್ಲಿ ವಾಸ ಇರುವವ ಇಲ್ಲಿಯ ಸರಕಾರಕ್ಕೆ ಕಟ್ಟಲೇಬೇಕು. ಸಂಬಳದಿಂದ ಮುರಿದು ಕಟ್ಟುವವರು ಯಾರೂ ಇಲ್ಲ, ಮುಂಗಡ ತೆರಿಗೆಯನ್ನು ಅವನೇ ಲೆಕ್ಕ ಹಾಕಿ ಕಟ್ಟುತ್ತಿದ್ದ. ಮನೆ ಸಾಲಕ್ಕೆ ಹೋದರೆ ಬ್ಯಾಂಕಿನವರು "ಸ್ಯಾಲರಿ ಸ್ಲಿಪ್ ತನ್ನಿ" ಅಂತ ವಾಪಸ್ ಕಳಿಸಿದರು.

ಹುಡುಗನದ್ದೂ ತಪ್ಪುಂಟು, ಮುಚ್ಚಿಡುವುದಿಲ್ಲ. ಪಿ.ಎಫ್. ಮುರಿಯದೆ ಕೈಗೆ ಹೆಚ್ಚು ಬರುತ್ತದೆ ಅಂತ ಖುಷಿಯಲ್ಲೇ ಸಹಿ ಹಾಕಿದ್ದ. ಬೇರೆ ದಾರಿ ಇಲ್ಲದೆ ಇರಲಿಲ್ಲ. ನಮ್ಮ ದೇಶದಲ್ಲೇ ರಿಜಿಸ್ಟರ್ ಆದ ಮಧ್ಯದ ಕಂಪೆನಿಗಳಿವೆ. ಅವು ಹುಡುಗನನ್ನು ತಮ್ಮ ಸಂಬಳಪಟ್ಟಿಗೆ ಸೇರಿಸಿ, ಸ್ಲಿಪ್ ಕೊಟ್ಟು, ಪಿ.ಎಫ್. ಕಟ್ಟಿ, ವಿದೇಶದ ಧಣಿಯಿಂದ ಕಮಿಷನ್ ತೆಗೆದುಕೊಳ್ಳುತ್ತವೆ. ಆಗ ಕೇಳುವುದಕ್ಕೆ ಒಂದು ಬಾಗಿಲಾದರೂ ಇರುತ್ತದೆ. ಹೊಸದಾಗಿ ಸೇರುವವರು ಮೊದಲು ಇದನ್ನು ಕೇಳಲಿ. ಎರಡು ಕಾಸು ಕಡಿಮೆ ಆದರೂ ಆಗಲಿ.

ಸರಕಾರ "ಬಿಯಾಂಡ್ ಬೆಂಗಳೂರು" ಅನ್ನುತ್ತಿದೆ, ಮಂಗಳೂರಿನ ಹೆಸರೂ ಅದರಲ್ಲಿ ಉಂಟು. ಒಳ್ಳೆಯದೇ. ಹಾಗಾದರೆ ಇಂಥ ಕರಾರಿನಲ್ಲಿ ಏನಿರಬೇಕು, ಏನಿರಬಾರದು ಅಂತ ಕಾರ್ಮಿಕ ಇಲಾಖೆ ಕನ್ನಡದಲ್ಲಿ ಎರಡು ಪುಟದ ಮಾದರಿ ಅಚ್ಚು ಹಾಕಿಸಿ ಹಂಚಲಿ. ಕೋಟಿಗಟ್ಟಲೆ ಖರ್ಚಿನ ಬಾಬತ್ತೇನೂ ಅಲ್ಲ.

ಬಾಕಿ ದುಡ್ಡಿಗೆ ಹುಡುಗ ಮೂರು ಇಮೇಲ್ ಹಾಕಿದ್ದಾನೆ. ಉತ್ತರ ಇಲ್ಲ. ನಿನ್ನೆ ಬೆಳಿಗ್ಗೆ ಏಳೂವರೆಯ ಬಸ್ಸಿನಲ್ಲಿ ಫೈಲು ಹಿಡಿದುಕೊಂಡು ನನ್ನ ಪಕ್ಕವೇ ನೇತಾಡುತ್ತಿದ್ದ, ಇಂಟರ್‌ವ್ಯೂಗೆ.