ಫೈಲಿನಲ್ಲಿ ಉಳಿದ ಚೀಟಿ

ಕಳೆದ ತಿಂಗಳು ನಮ್ಮ ಮೊಮ್ಮಗ ಡೊಂಬಿವಲಿಗೆ ಬಂದ. ಸೊಸೆಯ ತವರು ಹುಬ್ಬಳ್ಳಿ. ಹೆರಿಗೆ, ಬಾಣಂತನ ಎಲ್ಲ ಅಲ್ಲೇ ಆಯಿತು. ಇಲ್ಲಿಗೆ ಬರುವಾಗ ಕೂಸಿಗೆ ಎರಡು ತಿಂಗಳು ದಾಟಿತ್ತು. ಜೊತೆಗೆ ಬಂದದ್ದು ಅಂಟಿನುಂಡೆಯ ಡಬ್ಬಿ, ಬೀಗಿತ್ತಿ ಹೊಲಿದ ಕುಲಾವಿ ನಾಲ್ಕು, ಮತ್ತೆ ಆಸ್ಪತ್ರೆಯ ಒಂದು ಪ್ಲಾಸ್ಟಿಕ್ ಫೈಲು.

ಹತ್ತು ವಾರದ ಲಸಿಕೆಗೆ ಹೋಗಬೇಕಿತ್ತು. ಲಸಿಕೆ ಕಾರ್ಡು ಹುಡುಕಲು ಫೈಲು ಬಿಚ್ಚಿದೆ. ಔಷಧಿ ಅಂಗಡಿಯ ಬಿಲ್ಲುಗಳ ನಡುವೆ ಬಸ್ ಟಿಕೆಟ್ಟಿನಷ್ಟು ಸಣ್ಣ ಚೀಟಿಯೊಂದು ಮಡಚಿಕೊಂಡು ಕೂತಿತ್ತು. ಅದರ ಮೇಲೆ ಮಗು ಹುಟ್ಟಿದ ಮರುದಿನದ ತಾರೀಖು. ಬಲಗಿವಿ: ಪಾಸ್. ಎಡಗಿವಿ: ರೆಫರ್.

ಸೊಸೆಯನ್ನು ಕೇಳಿದೆ. 'ಅದಾ ಅತ್ತೆ, ಕಿವಿಗೆ ಏನೋ ಇಟ್ಟು ನೋಡಿದ್ರು. ಡಿಸ್ಚಾರ್ಜ್ ಗಡಿಬಿಡಿಯಲ್ಲಿ, ಏನಿಲ್ಲ, ಆಮೇಲೊಮ್ಮೆ ತೋರಿಸಿ ಅಂದ್ರು' ಅಂದಳು. ಆಮೇಲೆ ಅಂದರೆ ಯಾವಾಗ, ಎಲ್ಲಿ, ಯಾರು ಎಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಹುಬ್ಬಳ್ಳಿಯವರು ಮುಂಬಯಿಗೆ ಹೋದ ಮೇಲೆ ನೋಡಿದರಾಯಿತು ಅಂದುಕೊಂಡರು. ಮುಂಬಯಿಯ ನಮಗೆ ಚೀಟಿಯ ವಿಷಯವೇ ಗೊತ್ತಿರಲಿಲ್ಲ.

ಬೇರೆಯವರ ಮನೆಯಾಗಿದ್ದರೆ ನಾನೂ 'ಏನಿಲ್ಲ ಬಿಡಿ' ಅನ್ನುತ್ತಿದ್ದೆನೇನೋ. ಆದರೆ ಆ ಮಾತನ್ನು ನಾನು ಒಮ್ಮೆ ಆಡಿಯಾಗಿದೆ.

ನನ್ನ ಅಣ್ಣ ಮುಂಬಯಿಯಲ್ಲೇ ಇದ್ದವನು. ಅಕ್ಕನ ಮಗಳನ್ನೇ ಮದುವೆಯಾಗಿದ್ದ. ನಮ್ಮ ಕಡೆ ಅದೇನೂ ಹೊಸದಲ್ಲ. 1985ರಲ್ಲಿ ಅವರಿಗೆ ಹೆಣ್ಣುಮಗು ಹುಟ್ಟಿತು. ಆರೋಗ್ಯವಾಗಿತ್ತು, ಚೂಟಿಯಾಗಿತ್ತು. ಐದು ತಿಂಗಳಿಗೆ ಎಲ್ಲ ಮಕ್ಕಳ ಹಾಗೆ 'ಊಂ, ಆಂ' ಅಂದಿತು. ಒಂದೂವರೆ ವರ್ಷವಾದರೂ ಮಾತು ಬಾರದಿದ್ದಾಗ ಅತ್ತಿಗೆ ಆತಂಕದಿಂದ ನನ್ನನ್ನು ಕೇಳಿದಳು. 'ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ. ಮೂರು ಭಾಷೆ ಕೇಳಿ ಮಗುವಿಗೆ ಗೊಂದಲ ಆಗಿರುತ್ತೆ. ಏನಿಲ್ಲ ಬಿಡು' ಅಂದೆ. ನನ್ನ ಅಮ್ಮ ಊರಿನಿಂದ ಬಂದವಳು ಮಗುವಿನ ಹಿಂದೆ ನಿಂತು ಸ್ಟೀಲ್ ತಟ್ಟೆ ಬಡಿದಳು. ಮಗು ತಿರುಗಿ ನೋಡಿತು. ಎಲ್ಲರೂ ನಿಟ್ಟುಸಿರು ಬಿಟ್ಟೆವು.

ಆ ತಟ್ಟೆಯ ಪರೀಕ್ಷೆ ಎಷ್ಟು ದಾರಿ ತಪ್ಪಿಸುತ್ತದೆ ಎನ್ನುವುದು ಗೊತ್ತಾದದ್ದು ಬಹಳ ತಡವಾಗಿ. ಮಗು ತಿರುಗುವುದು ಸದ್ದಿಗೇ ಎಂದಿಲ್ಲ. ನೆಲದ ಅದುರು, ಕೈ ಬೀಸಿದ ಗಾಳಿ, ಗೋಡೆಯ ಮೇಲಿನ ನೆರಳು, ಎದುರಿಗಿದ್ದವರ ಕಣ್ಣಿನ ಚಲನೆ, ಯಾವುದಕ್ಕೂ ತಿರುಗಬಹುದು. ಇನ್ನು ಕೆಲವು ಮಕ್ಕಳಿಗೆ ದಪ್ಪ, ದೊಡ್ಡ ಸದ್ದು ಕೇಳಿಸುತ್ತದೆ. ಮಾತಿನಲ್ಲಿರುವ 'ಸ', 'ಶ', 'ತ', 'ಕ'ದಂಥ ತೆಳು ಸದ್ದುಗಳು ಕೇಳಿಸುವುದಿಲ್ಲ. ಮೊದಲ ಆರು ತಿಂಗಳ ಕೂಗು, ಗುನುಗು ಕೇಳದ ಮಕ್ಕಳಲ್ಲೂ ಇರುತ್ತದೆ.

ಅಣ್ಣನ ಮಗಳಿಗೆ ಕೇಳಿಸುವುದಿಲ್ಲ ಎಂದು ತಿಳಿದಾಗ ಅವಳಿಗೆ ಮೂರು ವರ್ಷ. ಮುಂಬಯಿಯಲ್ಲಿ 1983ರಲ್ಲಿ ಶುರುವಾಗಿದ್ದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಗೆ ಕರೆದುಕೊಂಡು ಹೋದರು. ಶ್ರವಣಯಂತ್ರ ಬಂತು, ಮಾತಿನ ತರಬೇತಿ ಶುರುವಾಯಿತು. ಆದರೆ ಮಿದುಳು ಮಾತನ್ನು ಸಲೀಸಾಗಿ ಹೀರಿಕೊಳ್ಳುವ ಮೊದಲ ಮೂರು ವರ್ಷ ಕಳೆದುಹೋಗಿತ್ತು. ಒಂದು ಭಾಷೆಯನ್ನಾದರೂ ಗಟ್ಟಿಯಾಗಿ ಕಲಿಸಬೇಕು ಅಂತ ಮನೆಯವರು ತೀರ್ಮಾನಿಸಿದರು. ಶಾಲೆ, ತರಬೇತಿ ಎಲ್ಲ ಹಿಂದಿಯಲ್ಲಿ. ಹಾಗಾಗಿ ಹಿಂದಿ. ಅಮ್ಮನಿಗೆ ಹಿಂದಿ ಬರುತ್ತಿರಲಿಲ್ಲ. ಅಜ್ಜಿ ಮೊಮ್ಮಗಳು ಇಪ್ಪತ್ತು ವರ್ಷ ಪರಸ್ಪರ ಮುಖ ನೋಡಿ ನಕ್ಕರು, ಕೈಹಿಡಿದು ಕೂತರು. ಮಾತು ಮಾತ್ರ ಆಡಲಿಲ್ಲ.

ಹಾಗಾಗಿ ಆ ಚೀಟಿ ನೋಡಿದ ದಿನ ಲಸಿಕೆಗೆ ಹೋಗುವ ಮೊದಲೇ ಆಡಿಯಾಲಜಿಸ್ಟ್ ಒಬ್ಬರ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಅಲ್ಲಿ ಕೇಳಿ, ನೋಡಿ ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ. ಮನೆಯಲ್ಲಿ ಹಸುಗೂಸಿರುವವರಿಗೆ ಬೇಕಾದೀತು.

ಹಸುಗೂಸಿನ ಕಿವಿ ಪರೀಕ್ಷೆಯಲ್ಲಿ ಮುಖ್ಯವಾಗಿ ಎರಡು ವಿಧ. ಮೊದಲನೆಯದು ಓಎಇ. ನಮ್ಮ ಕಿವಿ ಸದ್ದನ್ನು ಕೇಳುವುದಷ್ಟೇ ಅಲ್ಲ, ತಾನೂ ಬಹಳ ಸಣ್ಣ ಸದ್ದು ಮಾಡುತ್ತದೆ. ಇದನ್ನು 1978ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಕೆಂಪ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಕಾಕ್ಲಿಯಾ ಇದೆ. ಅದರೊಳಗಿನ ಹೊರಸಾಲಿನ ಕೂದಲ ಕೋಶಗಳು ಹೊರಗಿನಿಂದ ಸದ್ದು ಬಂದಾಗ ಅಲುಗಾಡಿ ಪ್ರತಿಧ್ವನಿಯ ಹಾಗೆ ಒಂದು ಸದ್ದನ್ನು ವಾಪಸು ಕಳಿಸುತ್ತವೆ. ಮಗುವಿನ ಕಿವಿಯಲ್ಲಿ ಮೆತ್ತನೆಯ ಪ್ರೋಬ್ ಇಟ್ಟು 'ಟಿಕ್ ಟಿಕ್' ಸದ್ದು ಕಳಿಸುತ್ತಾರೆ. ಅದರಲ್ಲೇ ಇರುವ ಸೂಕ್ಷ್ಮ ಮೈಕ್ ವಾಪಸು ಬಂದ ಸದ್ದನ್ನು ಹಿಡಿಯುತ್ತದೆ. ಬಂದರೆ ಪಾಸ್, ಬಾರದಿದ್ದರೆ ರೆಫರ್. ಮಗು ನಿದ್ದೆಯಲ್ಲಿದ್ದರೆ ಕೆಲವೇ ನಿಮಿಷದ ಕೆಲಸ. ಸೂಜಿ ಇಲ್ಲ, ನೋವಿಲ್ಲ.

ಇದಕ್ಕೆ ಎರಡು ಮಿತಿಗಳಿವೆ. ಹುಟ್ಟಿದ ಮೊದಲ ಒಂದೆರಡು ದಿನ ಕಿವಿಯ ಒಳಗೆ ಗರ್ಭದ ನೀರು, ಬಿಳಿ ಜಿಡ್ಡು ಉಳಿದಿರಬಹುದು. ಆಗ ಕಿವಿ ಚೆನ್ನಾಗಿದ್ದರೂ ರೆಫರ್ ಬರುತ್ತದೆ. ರೆಫರ್ ಬಂದ ಬಹುಪಾಲು ಮಕ್ಕಳು ಮುಂದಿನ ಪರೀಕ್ಷೆಯಲ್ಲಿ ಪಾಸಾಗುವುದು ಇದೇ ಕಾರಣಕ್ಕೆ. ಇನ್ನೊಂದು, ಈ ಪರೀಕ್ಷೆ ಕಾಕ್ಲಿಯಾದವರೆಗೆ ಮಾತ್ರ ನೋಡುತ್ತದೆ. ಅಲ್ಲಿಂದ ಮಿದುಳಿಗೆ ಹೋಗುವ ನರದಲ್ಲಿ ದೋಷವಿದ್ದರೆ ಇದಕ್ಕೆ ಗೊತ್ತಾಗುವುದಿಲ್ಲ.

ಆ ದೋಷ ಹಿಡಿಯುವುದು ಎರಡನೆಯ ವಿಧವಾದ ಎಬಿಆರ್. ನಮ್ಮ ಆಸ್ಪತ್ರೆಗಳಲ್ಲಿ ಇದೇ ಬಗೆಯ ವಿವರವಾದ ಪರೀಕ್ಷೆಗೆ 'ಬೆರಾ' ಅನ್ನುತ್ತಾರೆ. ಮಗುವಿನ ಹಣೆ, ಕುತ್ತಿಗೆಯ ಹಿಂಭಾಗ ಮುಂತಾದ ಕಡೆ ಅಂಟುವ ಸಣ್ಣ ಎಲೆಕ್ಟ್ರೋಡ್ ಹಚ್ಚುತ್ತಾರೆ. ಕಿವಿಗೆ ಪಿಸುಮಾತಿನಷ್ಟು ಮೆಲ್ಲಗಿನ, ಸಾಮಾನ್ಯವಾಗಿ 35 ಡೆಸಿಬೆಲ್ ಮಟ್ಟದ ಸದ್ದು ಕೇಳಿಸಿ, ಶ್ರವಣ ನರ ಮತ್ತು ಮಿದುಳಿನ ಬುಡದಲ್ಲಿ ಏಳುವ ವಿದ್ಯುತ್ ಅಲೆಯನ್ನು ಅಳೆಯುತ್ತಾರೆ. ತಪಾಸಣೆಯ ಯಂತ್ರವೇ ಲೆಕ್ಕ ಹಾಕಿ ಪಾಸ್ ಅಥವಾ ರೆಫರ್ ಹೇಳುತ್ತದೆ. ಸಮಯ, ಖರ್ಚು ಎರಡೂ ಸ್ವಲ್ಪ ಹೆಚ್ಚು. ಐದು ದಿನಕ್ಕಿಂತ ಹೆಚ್ಚು ಕಾಲ ಎನ್‌ಐಸಿಯುನಲ್ಲಿದ್ದ ಮಗುವಿಗೆ ಓಎಇ ಒಂದೇ ಸಾಲದು, ಎಬಿಆರ್ ಆಗಲೇಬೇಕು. ಬೆಂಗಳೂರಿನ ಒಂದು ನವೋದ್ಯಮ ಇದೇ ತತ್ತ್ವದ ಮೇಲೆ 'ಸೋಹಂ' ಎಂಬ ಕಡಿಮೆ ಬೆಲೆಯ ದೇಶಿ ಯಂತ್ರವನ್ನು ತಯಾರಿಸಿತು. 2017ರಲ್ಲಿ ಅದು ಬಿಡುಗಡೆಯಾಯಿತು.

ಹುಟ್ಟುವ ಸಾವಿರ ಮಕ್ಕಳಲ್ಲಿ ಕನಿಷ್ಠ ಒಂದೆರಡಕ್ಕೆ ಶಾಶ್ವತವಾದ ಶ್ರವಣದೋಷ ಇರುತ್ತದೆ. ಕುಟುಂಬದಲ್ಲಿ ಮೊದಲೇ ಇದ್ದರೆ, ರಕ್ತ ಬದಲಿಸುವಷ್ಟು ಕಾಮಾಲೆಯಾಗಿದ್ದರೆ, ಗರ್ಭಿಣಿಗೆ ರುಬೆಲ್ಲಾದಂಥ ಸೋಂಕು ತಗಲಿದ್ದರೆ, ಮಗುವಿಗೆ ಮೆದುಳುಜ್ವರ ಬಂದಿದ್ದರೆ ಅಪಾಯ ಹೆಚ್ಚು. ರಕ್ತಸಂಬಂಧದ ಮದುವೆಯಲ್ಲೂ ಸಾಧ್ಯತೆ ಹೆಚ್ಚುತ್ತದೆ. ಆದರೆ ಇದ್ಯಾವುದೂ ಇಲ್ಲದ ಮಕ್ಕಳಲ್ಲೂ ಶ್ರವಣದೋಷ ಕಾಣಿಸುತ್ತದೆ. ಆದ್ದರಿಂದಲೇ ಎಲ್ಲ ಮಕ್ಕಳನ್ನೂ ಪರೀಕ್ಷಿಸಬೇಕು ಎನ್ನುವುದು.

ನೆನಪಿಡಲು ಸುಲಭವಾದ ಲೆಕ್ಕವೊಂದಿದೆ: 1-3-6. ಒಂದು ತಿಂಗಳೊಳಗೆ ಮೊದಲ ತಪಾಸಣೆ ಮುಗಿಯಬೇಕು. ಅದರಲ್ಲಿ ಪಾಸಾಗದ ಮಗುವಿಗೆ ಮೂರು ತಿಂಗಳೊಳಗೆ ಪೂರ್ಣ ಪರೀಕ್ಷೆಯಾಗಿ ದೋಷ ಇದೆಯೋ ಇಲ್ಲವೋ ಖಚಿತವಾಗಬೇಕು. ಇದ್ದರೆ ಆರು ತಿಂಗಳೊಳಗೆ ಶ್ರವಣಯಂತ್ರ, ತರಬೇತಿ ಶುರುವಾಗಬೇಕು. ಆರು ತಿಂಗಳು ಎನ್ನುವುದು ಸುಮ್ಮನೆ ಹೇಳಿದ್ದಲ್ಲ. ಅಮೆರಿಕದ ಕೊಲೊರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳೊಳಗೆ ಪತ್ತೆಯಾದ ಮಕ್ಕಳ ಭಾಷೆ, ಆಮೇಲೆ ಪತ್ತೆಯಾದವರಿಗಿಂತ ಸ್ಪಷ್ಟವಾಗಿ ಮುಂದಿತ್ತು. ಬೇಗ ಗೊತ್ತಾಗಿ ಸರಿಯಾದ ನೆರವು ಸಿಕ್ಕ ಮಗು ಎರಡು ಭಾಷೆ ಕಲಿಯುವುದೂ ಸಾಧ್ಯ. ಅದನ್ನು ಆಡಿಯಾಲಜಿಸ್ಟ್ ಹೇಳಿದಾಗ ನನಗೆ ಅಮ್ಮನ ನೆನಪಾಯಿತು.

ನಮ್ಮ ದೇಶದಲ್ಲಿ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಕಿವುಡುತನವೂ ಇದೆ. ಆದರೂ ಎಲ್ಲ ಆಸ್ಪತ್ರೆಗಳಲ್ಲಿ ಪರೀಕ್ಷೆ ಆಗುವುದಿಲ್ಲ. ಆದ ಕಡೆಯೂ ರೆಫರ್ ಬಂದವರು ವಾಪಸು ಬರುವುದಿಲ್ಲ. ನಮ್ಮಂಥವರ ಮನೆಗಳಲ್ಲಿ ಇದು ಇನ್ನೂ ಸುಲಭ. ಹೆರಿಗೆ ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ, ಮಗು ಬೆಳೆಯುವುದು ಪುಣೆಯಲ್ಲೋ ಹೈದರಾಬಾದಿನಲ್ಲೋ. ಮೂರು ತಿಂಗಳ ಬಾಣಂತನ ಅಂದರೆ 1-3-6ರಲ್ಲಿ ಮೊದಲ ಎರಡು ಅಂಕಿ ರೈಲಿನಲ್ಲೇ ದಾಟಿ ಹೋಗುತ್ತವೆ. ಮಾತು ತಡವಾದರೆ ಹೇಳಲು ಮೂರು ಭಾಷೆಯ ನೆಪ ಸಿದ್ಧವಾಗಿರುತ್ತದೆ.

ನಮ್ಮ ಮೊಮ್ಮಗನ ವಿಷಯ ಹೇಳುತ್ತೇನೆ. ಮೊದಲ ಸಲ ಪ್ರೋಬ್ ಇಟ್ಟ ಕೂಡಲೇ ಅತ್ತು ಕೋಣೆಯನ್ನೇ ತಲೆಯ ಮೇಲೆ ಹೊತ್ತ. ಹಾಲು ಕುಡಿಸಿ, ತಟ್ಟಿ, ಮುಕ್ಕಾಲು ಗಂಟೆ ಕಾದೆವು. ನಿದ್ದೆ ಹತ್ತಿದ ಮೇಲೆ ಎರಡೂ ಕಿವಿ ನೋಡಿದರು. ಒಂದೇ ಕಿವಿಗೆ ರೆಫರ್ ಬಂದಿದ್ದರೂ ಎರಡನ್ನೂ ಮತ್ತೆ ನೋಡಬೇಕಂತೆ. ಕುಟುಂಬದಲ್ಲಿ ಇರುವುದರಿಂದ ಎಬಿಆರ್ ಕೂಡ ಮಾಡಿದರು. ಎರಡರಲ್ಲೂ ಪಾಸ್. ಸೊಸೆ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತಳು.

'ಪಾಸ್ ಅಂದರೆ ಇವತ್ತಿನ ಮಟ್ಟಿಗೆ' ಎಂದರು ಆಡಿಯಾಲಜಿಸ್ಟ್. ಕೆಲವು ಬಗೆಯ ಶ್ರವಣದೋಷ ಹುಟ್ಟಿದಾಗ ಇರದೆ ಆಮೇಲೆ ಬರುತ್ತದೆ. ಆದ್ದರಿಂದ ಇವನಿಗೆ ಒಂಬತ್ತು ತಿಂಗಳಾಗುವಷ್ಟರಲ್ಲಿ ಇನ್ನೊಮ್ಮೆ ಆಗಬೇಕು.

ಅಣ್ಣನ ಮಗಳು ಈಗ ಠಾಣೆಯಲ್ಲಿ ಕೆಲಸದಲ್ಲಿದ್ದಾಳೆ. ಸಂಜೆ ಅವಳಿಗೆ ವಾಟ್ಸಾಪ್‌ನಲ್ಲಿ ವಿಷಯ ತಿಳಿಸಿದೆ. ಹಿಂದಿಯಲ್ಲಿ ಉತ್ತರ ಬಂತು: 'ಬಹಳ ಸಂತೋಷ ಬುವಾ. ಮುಂದಿನ ಪರೀಕ್ಷೆಯ ತಾರೀಖು ಯಾವುದು?' ಇನ್ನೂ ಆರು ತಿಂಗಳಿದೆ ಎಂದು ಬರೆದೆ. 'ತಾರೀಖು ಕೇಳಿದೆ' ಎಂದು ಮತ್ತೆ ಬಂತು.

ಮರುದಿನ ಫೋನ್ ಮಾಡಿ ತಾರೀಖು ತೆಗೆದುಕೊಂಡೆ. ಚೀಟಿ ಈಗ ಫೈಲಿನಲ್ಲಿಲ್ಲ, ಫ್ರಿಜ್ಜಿನ ಬಾಗಿಲ ಮೇಲಿದೆ. ನಿಮ್ಮ ಮನೆಗೂ ಊರಿನಿಂದ ಹಸುಗೂಸು ಬಂದಿದ್ದರೆ ಇವತ್ತೇ ಒಮ್ಮೆ ಫೈಲು ಬಿಚ್ಚಿ ನೋಡಿ. ಕಿವಿ ಪರೀಕ್ಷೆಯ ಚೀಟಿ ಇದೆಯೇ, ಇದ್ದರೆ ಏನು ಬರೆದಿದೆ ಓದಿ. ಇಲ್ಲದಿದ್ದರೆ ಪರೀಕ್ಷೆಯೇ ಆಗಿಲ್ಲ ಎಂದು ತಿಳಿದು ಮಾಡಿಸಿ. ತಟ್ಟೆಯನ್ನು ಊಟಕ್ಕೆ ಇಟ್ಟುಕೊಳ್ಳಿ.