ಅಕ್ಷಾಂಶಕ್ಕೆ ಸಿಕ್ಕ ದೆವ್ವ

ಜೋಸೆಫ್ ಕಾನ್ರಾಡ್ 1888ರಲ್ಲಿ ಬ್ಯಾಂಕಾಕಿನಲ್ಲಿ ‘ಒಟಾಗೋ’ ಹಡಗಿನ ಕಪ್ತಾನನಾದ. ಹಿಂದಿನ ಕಪ್ತಾನ ಕಡಲಲ್ಲೇ ತೀರಿಕೊಂಡಿದ್ದ. ಆ ಅನುಭವದಿಂದ ಹುಟ್ಟಿದ ‘ದಿ ಶ್ಯಾಡೋ ಲೈನ್’ (1917) ಕಿರುಕಾದಂಬರಿಯ ತರುಣ ನಾಯಕ ತನ್ನ ಹಡಗನ್ನು ನೋಡುವ ಮೊದಲೇ ಅದಕ್ಕೆ ಹೋಲಿಕೆ ಹುಡುಕಿಟ್ಟಿರುತ್ತಾನೆ. ಅದು ಅವನಿಗಾಗಿ ಕಾದು ಕೂತ, ಮಾಟಕ್ಕೆ ಸಿಕ್ಕ ರಾಜಕುಮಾರಿ. ಕಣ್ಣೆದುರು ಬಂದಾಗ ಗಾಡಿಕುದುರೆಗಳ ಸಾಲಿನಲ್ಲಿ ನಿಂತ ಅರಬ್ಬೀ ಕುದುರೆ. ಕಪ್ತಾನನ ಕುರ್ಚಿಯಲ್ಲಿ ಕೂತರೆ ತಾನೇ ಒಂದು ರಾಜವಂಶದ ಹೊಸ ಉತ್ತರಾಧಿಕಾರಿ. ಈ ಅಲಂಕಾರಗಳೆಲ್ಲ ಹಳಸಲು ಎಂದು ಮೂಗು ಮುರಿಯಬಹುದು. ಕಾನ್ರಾಡನ ಭಾಷೆಗೆ ಮೊದಲಿನಿಂದಲೂ ಆ ಆಪಾದನೆ ಇದೆ; ‘ಹಾರ್ಟ್ ಆಫ್ ಡಾರ್ಕ್‌ನೆಸ್’ನಲ್ಲಿ ವಿಶೇಷಣಗಳ ಒತ್ತಾಯ ಹೆಚ್ಚಾಯಿತೆಂದು ವಿಮರ್ಶಕ ಎಫ್. ಆರ್. ಲೀವಿಸ್ 1948ರಲ್ಲೇ ಗೊಣಗಿದ್ದ. ಅಲ್ಲಿ ಆ ಮಾತು ನ್ಯಾಯವೇ. ಇಲ್ಲಿ ಮಾತ್ರ ಆಡಂಬರ ಲೇಖಕನದಲ್ಲ, ಪಾತ್ರದ್ದು. ಈ ಉಪಮೆಗಳು ಹಡಗಿನ ಬಗ್ಗೆ ಹೇಳುವುದು ಕಡಿಮೆ, ಹುಡುಗನ ಎಳಸುತನದ ಬಗ್ಗೆ ಹೇಳುವುದು ಹೆಚ್ಚು.

ಕಥೆ ಹೇಳುತ್ತಿರುವವನು ಈಗ ವಯಸ್ಸಾದ ಅದೇ ನಾಯಕನಲ್ಲವೇ, ಹೋಲಿಕೆಗಳೂ ಅವನವೇ ಇರಬೇಕಲ್ಲ ಎಂಬ ಆಕ್ಷೇಪ ಸಹಜ. ಆದರೆ ಸಯಾಂ ಕೊಲ್ಲಿಯಲ್ಲಿ ಗಾಳಿ ಸತ್ತು, ನಾವಿಕರೆಲ್ಲ ಜ್ವರಕ್ಕೆ ಬಿದ್ದಾಗ ಅದೇ ತರುಣ ಬರೆದಿಟ್ಟ ದಿನಚರಿಯ ಪುಟಗಳು ನಡುವೆ ಬರುತ್ತವೆ. ಅಲ್ಲಿ ರಾಜಕುಮಾರಿಯೂ ಇಲ್ಲ, ಕುದುರೆಯೂ ಇಲ್ಲ. ಆಕಾಶವೇ ಕೊಳೆಯತೊಡಗಿದಂತೆ ಅವನಿಗೆ ಕಾಣುತ್ತದೆ. ಪುಸ್ತಕದಿಂದ ಎತ್ತಿಕೊಂಡ ಉಪಮೆ ಹೋಗಿ, ಮೂಗಿಗೆ ಬಡಿದ ಉಪಮೆ ಬಂದಿದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಹಡಗಿನ ಉಪಕಪ್ತಾನ (ಮೇಟ್) ಬರ್ನ್ಸನ ಸಂಗತಿ. ಸತ್ತ ಕಪ್ತಾನನನ್ನು ಕಡಲಿಗಿಳಿಸಿದ 8 ಡಿಗ್ರಿ 20 ಮಿನಿಟ್ ಅಕ್ಷಾಂಶದಲ್ಲಿ ಅವನ ಪ್ರೇತ ಹಡಗನ್ನು ಅಡ್ಡಗಟ್ಟಿದೆ ಎಂದು ಬರ್ನ್ಸ್ ನಂಬಿದ್ದಾನೆ. ನಮ್ಮ ಅಲಂಕಾರಶಾಸ್ತ್ರದಲ್ಲಿ ಉಪಮೆಯ ‘ಅಂತೆ’ ಕಳಚಿದರೆ ರೂಪಕ. ಒಂದನ್ನು ಇನ್ನೊಂದೆಂದೇ ನಂಬಿಬಿಟ್ಟರೆ ಭ್ರಾಂತಿಮಾನ್. ಬರ್ನ್ಸ್ ಆ ಕೊನೆಯ ಮೆಟ್ಟಿಲಲ್ಲಿದ್ದಾನೆ. ಹೀಗೆ ಕೃತಿಯಲ್ಲಿ ಎರಡು ಗೆರೆಗಳಿವೆ. ನಕ್ಷೆಯಲ್ಲಿ ಬೆರಳಿಟ್ಟು ತೋರಿಸಬಹುದಾದ ಗೆರೆ ಬರೀ ಭ್ರಮೆ. ಶೀರ್ಷಿಕೆಯಲ್ಲಿರುವ, ಯೌವನ ಮುಗಿಯುವ ನೆರಳುಗೆರೆ ನಿಜ, ಆದರೆ ಅದನ್ನು ಯಾವಾಗ ದಾಟಿದೆ ಎಂದು ನಾಯಕ ಹೇಳಲಾರ.

ಬರ್ನ್ಸ್ ಹುಚ್ಚುನಗೆ ನಕ್ಕ ಆಸುಪಾಸಿನಲ್ಲೇ ಗಾಳಿ ಹಿಡಿಯುತ್ತದೆ, ಹಾಗಾದರೆ ಪ್ರೇತವೇ ನಿಜವಲ್ಲವೇ? ಅತಿಮಾನುಷವಾದದ್ದೇನೂ ತನ್ನ ಉದ್ದೇಶವಲ್ಲವೆಂದು ಕಾನ್ರಾಡ್ ಈ ಕೃತಿಗೆ ಬರೆದ 1920ರ ಟಿಪ್ಪಣಿಯಲ್ಲಿ ಹೇಳಿದ. ಆ ಹೇಳಿಕೆಗಿಂತ, ಜ್ವರಕ್ಕೆಂದು ಹಡಗಿನಲ್ಲಿಟ್ಟಿದ್ದ ಕ್ವಿನೈನ್ ಸೀಸೆಗಳ ಸಾಕ್ಷ್ಯ ಗಟ್ಟಿ. ಅವುಗಳಲ್ಲಿದ್ದದ್ದು ಕೆಲಸಕ್ಕೆ ಬಾರದ ಪುಡಿ. ಔಷಧವನ್ನು ಹಳೆಯ ಕಪ್ತಾನ ಬದುಕಿದ್ದಾಗಲೇ ಮಾರಿಕೊಂಡಿರಬೇಕು. ಅವನು ಮಾಡಿದ ಕೇಡಿಗೆ ದೆವ್ವವಾಗುವ ಅಗತ್ಯವೇ ಇರಲಿಲ್ಲ. ಸೀಸೆಗಳನ್ನು ಮೊದಲೇ ಪರೀಕ್ಷಿಸದ ತಪ್ಪನ್ನು ತರುಣ ತನ್ನ ಮೇಲೆ ಹೊತ್ತುಕೊಳ್ಳುತ್ತಾನೆ, ಪ್ರೇತದ ಮೇಲೆ ಹೊರಿಸುವುದಿಲ್ಲ. ಕಾದಂಬರಿ ಮುಗಿಯುವಾಗಲೂ ಒಂದು ರೂಪಕ ಬರುತ್ತದೆ, ಹಡಗಿನ ಅಡುಗೆಯವ ರ‍್ಯಾನ್ಸಮನ ಬಗ್ಗೆ. ಬರ್ನ್ಸ್ ಕಡಲ ತಳದಲ್ಲಿ ಹುಡುಕಿದ ಶತ್ರುವನ್ನು ಈ ಹೃದ್ರೋಗಿ ಎದೆಯೊಳಗೇ ಹೊತ್ತು, ಅದು ಅಲ್ಲಿದೆ ಎಂದು ತಿಳಿದೇ, ಮಲಗಿದವರೆಲ್ಲರ ಪಾಲಿನ ಕೆಲಸವನ್ನೂ ಮಾಡಿದ್ದ.